ಔಷಧ ಅಂಗಡಿಯ ಕಾಗದದ ಹೊರೆ: ಕಾನೂನು ಕೇಳುವುದೆಷ್ಟು, ನಾವು ಮುದ್ರಿಸುವುದೆಷ್ಟು?

ವ್ಯಾಪಾರದಲ್ಲಿ ದಾಖಲೆಗಳಿಗಿರುವ ಮಹತ್ವವನ್ನು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ದಾಖಲೆ ಎಂದರೆ ಕಾಗದ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಗಣಕಯಂತ್ರ ಬಂದ ಮೇಲೆ ಕಾಗದ ಕಡಿಮೆಯಾಗುವುದೆಂಬ ನಿರೀಕ್ಷೆಯಿತ್ತು. ಅನೇಕ ಕಡೆ ಅದು ಹೆಚ್ಚೇ ಆಗಿದೆ. ಹಿಂದೆ ಕೈಯಿಂದ ಬರೆಯುವ ಶ್ರಮವಿದ್ದುದರಿಂದ ಬೇಕಾದಷ್ಟನ್ನೇ ಬರೆಯುತ್ತಿದ್ದೆವು, ಈಗ ಒಂದು ಗುಂಡಿ ಒತ್ತಿದರೆ ಹತ್ತು ಪುಟ ಹೊರಬರುತ್ತದೆ. ಈ ಪ್ರವೃತ್ತಿ ಎದ್ದು ಕಾಣುವುದು ಔಷಧಗಳ ಚಿಲ್ಲರೆ ವ್ಯಾಪಾರದಲ್ಲಿ. ಆ ವ್ಯಾಪಾರಕ್ಕೆ ಔಷಧ ಕಾನೂನು, ತೆರಿಗೆ ಕಾನೂನು ಎರಡೂ ಅನ್ವಯಿಸುವುದರಿಂದ "ಯಾವುದಕ್ಕೂ ಇರಲಿ" ಎಂದು ಎಲ್ಲವನ್ನೂ ಮುದ್ರಿಸಿಡುವುದು ರೂಢಿಯಾಗಿದೆ.

ವೈದ್ಯರ ಚೀಟಿಯ ಮೇಲೆ ಔಷಧ ನೀಡುವಾಗ ಯಾವ ದಾಖಲೆ ಕಡ್ಡಾಯ, ಯಾವುದು ಕೇವಲ ರೂಢಿ, ಯಾವುದನ್ನು ನಿರ್ಭಯವಾಗಿ ನಿಲ್ಲಿಸಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಅನುಭವ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಲೆಕ್ಕ ಪರಿಶೋಧನೆ ಮಾಡುತ್ತಿದ್ದ, ತಾಲ್ಲೂಕು ಕೇಂದ್ರವೊಂದರ ಔಷಧ ಅಂಗಡಿಗೆ ಸಗಟು ವಿತರಕರಿಂದ ಒಂದು ಸೂಚನೆ ಬಂದಿತು. ರಕ್ತದೊತ್ತಡದ ಮಾತ್ರೆಯೊಂದರ ನಿರ್ದಿಷ್ಟ ಬ್ಯಾಚ್ ಪ್ರಮಾಣಿತ ಗುಣಮಟ್ಟದ್ದಲ್ಲವೆಂದು ಪ್ರಯೋಗಾಲಯದ ವರದಿ ಬಂದಿದೆ, ಮಾರಾಟ ನಿಲ್ಲಿಸಿ ಉಳಿದ ದಾಸ್ತಾನನ್ನು ಹಿಂದಿರುಗಿಸಿ ಎಂಬುದು ಅದರ ಸಾರಾಂಶ. ಖರೀದಿಸಿದ್ದು 30 ಸ್ಟ್ರಿಪ್, ಅಂಗಡಿಯಲ್ಲಿ ಉಳಿದಿದ್ದು 8. ಉಳಿದ 22 ಸ್ಟ್ರಿಪ್‌ಗಳನ್ನು ಯಾರು ಕೊಂಡೊಯ್ದಿದ್ದಾರೆ ಎಂದು ಪತ್ತೆ ಮಾಡಿ ಅವರಿಗೆ ತಿಳಿಸಬೇಕೆಂದು ಮಾಲೀಕರು ನಿರ್ಧರಿಸಿದರು.

ಅಂಗಡಿಯ ಅಟ್ಟದ ಮೇಲೆ ಒಂಬತ್ತು ರಟ್ಟಿನ ಪೆಟ್ಟಿಗೆಗಳಲ್ಲಿ ಬಿಲ್ಲುಗಳ ಕಚೇರಿ ಪ್ರತಿ, ದಿನಾಂತ್ಯದ ಮಾರಾಟ ಪಟ್ಟಿ, ವೈದ್ಯರ ಚೀಟಿಗಳ ಜೆರಾಕ್ಸ್ ಎಲ್ಲವೂ ಇದ್ದವು. ಇಬ್ಬರು ಒಂದೂವರೆ ದಿನ ಹುಡುಕಿದರು. 13 ಸ್ಟ್ರಿಪ್‌ಗಳ ಲೆಕ್ಕ ಸಿಕ್ಕಿತು, 9 ಸ್ಟ್ರಿಪ್‌ಗಳ ಲೆಕ್ಕ ಸಿಗಲೇ ಇಲ್ಲ. ಕಾರಣವಿಷ್ಟೇ: ಸಂಜೆಯ ಜನಸಂದಣಿಯಲ್ಲಿ ಸಿಬ್ಬಂದಿ ಬಿಲ್ಲಿನಲ್ಲಿ ರೋಗಿಯ ಹೆಸರಿನ ಬದಲು "ನಗದು" ಎಂದು ಹಾಕಿದ್ದರು, ಪರದೆಯಲ್ಲಿ ಮೊದಲು ಕಂಡ ಬ್ಯಾಚ್ ಸಂಖ್ಯೆಯನ್ನೇ ಆರಿಸಿದ್ದರು. ತಪ್ಪು ಮಾಹಿತಿ ಎರಡು ಪ್ರತಿಗಳಲ್ಲಿ ಅಂದವಾಗಿ ಮುದ್ರಣಗೊಂಡು ಅಟ್ಟ ಸೇರಿತ್ತು. ಆ 9 ಸ್ಟ್ರಿಪ್‌ಗಳನ್ನು ನುಂಗಿದವರು ಯಾರು, ಅವರಿಗೇನಾಯಿತು ಎಂಬುದು ಇಂದಿಗೂ ತಿಳಿಯದು.

"ಎಲ್ಲವನ್ನೂ ಮುದ್ರಿಸಿಡಿ, ಮುಂದೆ ತೊಂದರೆಯಾಗದು" ಎಂದು ಆ ಮಾಲೀಕರಿಗೆ ಸಲಹೆ ನೀಡಿದ್ದವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು. ಕಾನೂನು ದಾಖಲೆ ಕೇಳುವುದು ಏಕೆ ಎಂಬ ಪ್ರಶ್ನೆಯನ್ನು ಆ ದಿನ ನಾನು ಗಂಭೀರವಾಗಿ ಯೋಚಿಸಿದೆ. ಯಾವ ಔಷಧ, ಯಾವ ಬ್ಯಾಚ್, ಯಾರಿಗೆ, ಯಾವಾಗ ಹೋಯಿತು ಎಂಬುದಕ್ಕೆ ಉತ್ತರ ಸಿಗಬೇಕೆಂದೇ ಕಾನೂನು ಅದನ್ನು ಕೇಳುತ್ತದೆ. ಆ ಉತ್ತರ ನೀಡದ ಕಾಗದ ಎಷ್ಟಿದ್ದರೂ ಹೊರೆಯೇ.

ಕಾನೂನು ಕೇಳುವ ದಾಖಲೆಗಳು

ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1940 ಹಾಗೂ ಅದರಡಿ ರಚಿತವಾದ 1945ರ ನಿಯಮಗಳು ಇಲ್ಲಿ ಮೂಲ ಆಧಾರ. ಪರವಾನಗಿದಾರರು ಪಾಲಿಸಬೇಕಾದ ಷರತ್ತುಗಳು ನಿಯಮ 65ರಲ್ಲಿವೆ. ಅವುಗಳಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದವು ಹೀಗಿವೆ:

1. ವೈದ್ಯರ ಚೀಟಿಯ ಮೇಲೆ ನೀಡಿದ ಔಷಧವನ್ನು ನೀಡಿದ ಸಮಯದಲ್ಲೇ ಚೀಟಿ ವಹಿಯಲ್ಲಿ ದಾಖಲಿಸಬೇಕು. ಕ್ರಮಸಂಖ್ಯೆ, ದಿನಾಂಕ, ವೈದ್ಯರ ಹಾಗೂ ರೋಗಿಯ ಹೆಸರು ವಿಳಾಸ, ಔಷಧದ ಹೆಸರು ಮತ್ತು ಪ್ರಮಾಣ, ನೋಂದಾಯಿತ ಫಾರ್ಮಾಸಿಸ್ಟರ ಸಹಿ ಅದರಲ್ಲಿರಬೇಕು. ಷೆಡ್ಯೂಲ್ ಸಿ, ಎಚ್ ಮತ್ತು ಎಕ್ಸ್ ಔಷಧಗಳಾದರೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕವೂ ಬೇಕು.

2. ಅಂಗಡಿಯಲ್ಲೇ ಮಿಶ್ರಣ ಮಾಡದೆ ಮೂಲ ಪೊಟ್ಟಣದಿಂದಲೇ ನೀಡುವ ಔಷಧಗಳಿಗೆ ಪ್ರತ್ಯೇಕ ವಹಿಯ ಅಗತ್ಯವಿಲ್ಲ. ಮೇಲ್ಕಂಡ ವಿವರಗಳನ್ನು ಇದಕ್ಕೆಂದೇ ಇರಿಸಿದ, ಕ್ರಮಸಂಖ್ಯೆಯುಳ್ಳ ನಗದು ಅಥವಾ ಉದ್ದರಿ ಬಿಲ್ ಪುಸ್ತಕದಲ್ಲೇ ನಮೂದಿಸಬಹುದು. ಇಂದಿನ ಅಂಗಡಿಗಳ ಬಹುಪಾಲು ವ್ಯವಹಾರ ಈ ವರ್ಗಕ್ಕೇ ಸೇರುತ್ತದೆ.

3. ಒಮ್ಮೆ ದಾಖಲಾದ ಚೀಟಿಯ ಮೇಲೆ ಪುನಃ ಔಷಧ ನೀಡುವಾಗ ಹೊಸ ಕ್ರಮಸಂಖ್ಯೆ, ದಿನಾಂಕ, ಪ್ರಮಾಣ ಹಾಗೂ ಹಿಂದಿನ ನಮೂದಿನ ಉಲ್ಲೇಖ ಇದ್ದರೆ ಸಾಕು. ಮಧುಮೇಹ, ರಕ್ತದೊತ್ತಡದ ರೋಗಿಗಳು ಪ್ರತಿ ತಿಂಗಳೂ ಬರುವ ಅಂಗಡಿಗಳಿಗೆ ಇದೊಂದು ಉಪಯುಕ್ತ ರಿಯಾಯಿತಿ. ಆದರೆ ಚೀಟಿಯಲ್ಲಿ ಪುನಃ ನೀಡಬಹುದೆಂದು ವೈದ್ಯರು ಸೂಚಿಸಿರಬೇಕು. ನೀಡಿದಾಗಲೆಲ್ಲ ಚೀಟಿಯ ಮೇಲೆ ಅಂಗಡಿಯ ಹೆಸರು ವಿಳಾಸ ಹಾಗೂ ದಿನಾಂಕ ನಮೂದಿಸಬೇಕು.

4. ಷೆಡ್ಯೂಲ್ ಎಚ್1 ಔಷಧಗಳಿಗೆ ಪ್ರತ್ಯೇಕ ವಹಿ ಕಡ್ಡಾಯ. 2013ರ ಅಧಿಸೂಚನೆಯ ಮೂಲಕ ಬಂದ ಈ ವ್ಯವಸ್ಥೆ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹಲವು ಪ್ರಬಲ ಪ್ರತಿಜೀವಕಗಳು, ಕ್ಷಯರೋಗದ ಔಷಧಗಳು ಇದರಲ್ಲಿ ಸೇರಿವೆ. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ದಾಖಲಿಸಿ 3 ವರ್ಷ ಕಾಪಾಡಬೇಕು.

5. ಷೆಡ್ಯೂಲ್ ಎಕ್ಸ್ ಔಷಧಗಳಿಗೆ ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದು ಪ್ರತಿಯನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು.

6. ಚಿಲ್ಲರೆ ಮಾರಾಟಕ್ಕೆ ಬಿಲ್ ನೀಡಿ ಅದರ ಕಾರ್ಬನ್ ಪ್ರತಿಯನ್ನು ದಾಖಲೆಯಾಗಿ ಇಡಬೇಕು. ಖರೀದಿ ಬಿಲ್ಲುಗಳಿಗೆ ಕ್ರಮಸಂಖ್ಯೆ ನೀಡಿ ದಿನಾಂಕದ ಅನುಕ್ರಮದಲ್ಲಿ ಜೋಡಿಸಿಡಬೇಕು.

ಬೇರೆ ಅವಧಿ ಸೂಚಿಸದಿದ್ದಲ್ಲಿ ಈ ನಿಯಮಗಳ ದಾಖಲೆಗಳನ್ನು ಕೊನೆಯ ನಮೂದಿನಿಂದ ಕನಿಷ್ಠ 2 ವರ್ಷ ಕಾಪಾಡಬೇಕು. ಸಗಟು ವ್ಯಾಪಾರಿಗಳ ಬಿಲ್ ಪ್ರತಿಗಳಿಗೆ ಈ ಅವಧಿ 3 ವರ್ಷ. ಇದಲ್ಲದೆ 2015ರ ಫಾರ್ಮಸಿ ವೃತ್ತಿ ವಿನಿಯಮಗಳು ರೋಗಿಗಳ ಚೀಟಿ ಸಂಬಂಧಿತ ದಾಖಲೆಗಳನ್ನು 5 ವರ್ಷ ಇಡಬೇಕೆನ್ನುತ್ತವೆ; ಅವುಗಳನ್ನು ಗಣಕೀಕರಿಸಲು ಪ್ರಯತ್ನಿಸಬೇಕೆಂದೂ ಹೇಳುತ್ತವೆ. ಮಾದಕ ದ್ರವ್ಯಗಳ ಕಾನೂನಿಗೆ ಒಳಪಟ್ಟ ಔಷಧಗಳಿಗೆ ಪ್ರತ್ಯೇಕ ನಿಯಮಗಳಿದ್ದು, ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ತೆರಿಗೆಯ ವಿಚಾರ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 36ರ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಲು ನಿಗದಿಯಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಉದಾಹರಣೆಗೆ, 2021-22ನೇ ಸಾಲಿನ ಕೊನೆಯ ದಿನ 31-12-2022. ಆದ್ದರಿಂದ ಆ ಸಾಲಿನ ಲೆಕ್ಕಪತ್ರ 31-12-2028ರವರೆಗೆ ಇರಬೇಕು. ಮೇಲ್ಮನವಿ ಬಾಕಿಯಿದ್ದರೆ ಅವಧಿ ಇನ್ನೂ ಹೆಚ್ಚಬಹುದು. ಆದರೆ ಇದೇ ಕಾಯ್ದೆಯ ಕಲಂ 35 ಲೆಕ್ಕಪತ್ರಗಳನ್ನು ವಿದ್ಯುನ್ಮಾನ ರೂಪದಲ್ಲಿ ಇರಿಸಲು ಅವಕಾಶ ನೀಡಿದೆ. ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಉಳಿಯಬೇಕು, ಬ್ಯಾಕಪ್ ಇರಬೇಕು, ಡಿಜಿಟಲ್ ಸಹಿಯಿಂದ ದೃಢೀಕರಿಸಬೇಕು ಎಂಬುದು ನಿಯಮ 56 ಮತ್ತು 57ರ ಷರತ್ತು.

ಇಲ್ಲೊಂದು ಎಚ್ಚರಿಕೆ. ನೋಂದಣಿಯಿಲ್ಲದ ಗ್ರಾಹಕರಿಗೆ 200 ರೂ.ಗಿಂತ ಕಡಿಮೆ ಮೌಲ್ಯದ ಮಾರಾಟವಾದಾಗ, ಅವರು ಕೇಳದಿದ್ದರೆ, ಪ್ರತ್ಯೇಕ ತೆರಿಗೆ ಬಿಲ್ ನೀಡದೆ ದಿನದ ಕೊನೆಯಲ್ಲಿ ಒಂದು ಕ್ರೋಡೀಕೃತ ಬಿಲ್ ತಯಾರಿಸಲು ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಇದನ್ನು ನೆಚ್ಚಿ ಸಣ್ಣ ಮಾರಾಟಕ್ಕೆ ಬಿಲ್ ಹಾಕದಿರುವ ಔಷಧ ವ್ಯಾಪಾರಿಗಳಿದ್ದಾರೆ. ಅದು ತಪ್ಪು. ತೆರಿಗೆ ಕಾನೂನಿನ ರಿಯಾಯಿತಿಯಿಂದ ಔಷಧ ನಿಯಮಗಳ ಹೊಣೆ ತಪ್ಪುವುದಿಲ್ಲ. 90 ರೂ. ಬೆಲೆಯ ಷೆಡ್ಯೂಲ್ ಎಚ್ ಔಷಧಕ್ಕೂ ರೋಗಿಯ ಹೆಸರು, ಬ್ಯಾಚ್ ಸಂಖ್ಯೆಗಳಿರುವ ದಾಖಲೆ ಬೇಕೇ ಬೇಕು.

ಯಾರೂ ಕೇಳದ ಕಾಗದಗಳು

ಮೇಲಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಯಾವುದೇ ಅಂಗಡಿಯ ಕಡತಗಳನ್ನು ನೋಡಿದರೆ, ಯಾವ ನಿಯಮವೂ ಕೇಳದ ಕಾಗದಗಳು ಸಾಕಷ್ಟು ಕಾಣುತ್ತವೆ.

ಮೊದಲನೆಯದು, ದಿನಾಂತ್ಯದ ವರದಿಗಳು. ಮಾರಾಟ ಪಟ್ಟಿ, ದಾಸ್ತಾನು ಪಟ್ಟಿ, ಕಂಪನಿವಾರು ಸಾರಾಂಶಗಳನ್ನು ರಾತ್ರಿ ಅಂಗಡಿ ಮುಚ್ಚುವ ಮುನ್ನ ಮುದ್ರಿಸುವ ಅಭ್ಯಾಸವಿದೆ. ಮಾಲೀಕರು ನೋಡುವುದು ಕೊನೆಯ ಸಾಲಿನ ಮೊತ್ತವನ್ನು ಮಾತ್ರ. ಆ ಮೊತ್ತ ಪರದೆಯ ಮೇಲೂ ಕಾಣುತ್ತದೆ.

ಎರಡನೆಯದು, ಎಲ್ಲ ಚೀಟಿಗಳ ಜೆರಾಕ್ಸ್. ಷೆಡ್ಯೂಲ್ ಎಕ್ಸ್ ಔಷಧಗಳನ್ನು ಬಿಟ್ಟರೆ ಉಳಿದವುಗಳಿಗೆ ಚೀಟಿಯ ಪ್ರತಿ ಇಟ್ಟುಕೊಳ್ಳಬೇಕೆಂದು ನಿಯಮ 65 ಹೇಳುವುದಿಲ್ಲ. ಅದು ಕೇಳುವುದು ವಿವರಗಳ ನಮೂದನ್ನು. ಕ್ಷಯರೋಗದ ಔಷಧಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2018ರ ಕೇಂದ್ರ ಅಧಿಸೂಚನೆಯಂತೆ ಔಷಧ ವ್ಯಾಪಾರಿಗಳೂ ಅಂತಹ ರೋಗಿಗಳ ಮಾಹಿತಿಯನ್ನು ಆರೋಗ್ಯ ಇಲಾಖೆಗೆ ನೀಡಬೇಕು. ಉಳಿದ ಚೀಟಿಗಳ ಪ್ರತಿ ಬೇಕೆನಿಸಿದರೆ ಅದರ ಛಾಯಾಚಿತ್ರವನ್ನು ಬಿಲ್ ಸಂಖ್ಯೆಗೆ ಜೋಡಿಸಿ ಗಣಕಯಂತ್ರದಲ್ಲೇ ಇಡಬಹುದು.

ಮೂರನೆಯದು, ಖರೀದಿ ಬಿಲ್ಲುಗಳ ಮರುಮುದ್ರಣ. ಸರಕಿನೊಡನೆ ಒಂದು ಬಿಲ್ ಬರುತ್ತದೆ. ವಿತರಕರು ಅದನ್ನೇ ಇ-ಮೇಲ್ ಮಾಡುತ್ತಾರೆ, ನಾವು ಅದನ್ನೂ ಮುದ್ರಿಸಿ "ಲೆಕ್ಕಿಗರ ಪ್ರತಿ" ಎಂದು ಬೇರೆ ಕಡತದಲ್ಲಿ ಇಡುತ್ತೇವೆ. ಲೆಕ್ಕಿಗರಿಗೆ ಕಡತವನ್ನು ಗಣಕಯಂತ್ರದಿಂದಲೇ ಕಳುಹಿಸಿದರೆ ಸಾಕು. ನಮ್ಮ ವೃತ್ತಿಯವರೂ ಈ ಬೇಡಿಕೆಯನ್ನು ಬಿಡಬೇಕು.

ನಾಲ್ಕನೆಯದು, ತೆರಿಗೆ ವಿವರಣೆಗಳ ಮುದ್ರಣ. ಸಲ್ಲಿಸಿದ ವಿವರಣೆಗಳು ಜಾಲತಾಣದಿಂದ ದೊರೆಯುತ್ತವೆ. ಪ್ರತಿ ತಿಂಗಳು ಅವನ್ನು ಇಳಿಸಿಕೊಂಡು ಕಡತದಲ್ಲಿ ಉಳಿಸಿದರಾಯಿತು.

ಸಗಟು ವಿತರಕರಿಗೂ ಒಂದು ಮಾತು. ಸರಕಿನ ತೆರಿಗೆ ಬಿಲ್ಲನ್ನು ಮೂರು ಪ್ರತಿಗಳಲ್ಲಿ ತಯಾರಿಸಬೇಕೆಂಬ ನಿಯಮ 48ರ ಷರತ್ತು ಇ-ಇನ್‌ವಾಯ್ಸ್ ಪದ್ಧತಿಯಲ್ಲಿ ತಯಾರಾದ ಬಿಲ್ಲುಗಳಿಗೆ ಅನ್ವಯಿಸುವುದಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದ ವಹಿವಾಟುದಾರರು ಈ ವ್ಯವಸ್ಥೆಗೆ ಒಳಪಟ್ಟಿದ್ದಾರೆ. ಹೀಗಿದ್ದೂ ಮೂರು ಬಣ್ಣದ ಪ್ರತಿಗಳನ್ನು ಮುದ್ರಿಸುವುದು ಅಲ್ಲಲ್ಲಿ ನಡೆದೇ ಇದೆ.

ಬಿಲ್ಲಿನ ಕಚೇರಿ ಪ್ರತಿ: ಸೂಕ್ಷ್ಮವಾದ ಪ್ರಶ್ನೆ

ಗ್ರಾಹಕರಿಗೆ ಕೊಟ್ಟ ಬಿಲ್ಲಿನ ಎರಡನೇ ಮುದ್ರಿತ ಪ್ರತಿಯನ್ನು ನಿಲ್ಲಿಸಬಹುದೇ? ಸದಸ್ಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಉತ್ತರವನ್ನು ಸ್ವಲ್ಪ ಎಚ್ಚರಿಕೆಯಿಂದ ಕೊಡಬೇಕಾಗುತ್ತದೆ.

ಔಷಧ ನಿಯಮದ ಪದಗಳು "ಕಾರ್ಬನ್ ಪ್ರತಿ" ಎಂದೇ ಹೇಳುತ್ತವೆ. ಮತ್ತೊಂದೆಡೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 4 ಬರಹದ ಅಥವಾ ಮುದ್ರಿತ ದಾಖಲೆಯ ಜಾಗದಲ್ಲಿ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ನೀಡಿದೆ. ಕಲಂ 7ರ ಪ್ರಕಾರ ಮುಂದೆ ಬೇಕಾದಾಗ ತೆರೆದು ನೋಡುವಂತಿದ್ದು, ಮೂಲ ಮಾಹಿತಿಯನ್ನು ನಿಖರವಾಗಿ ತೋರಿಸುವಂತಿದ್ದರೆ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಕಾಪಾಡಬಹುದು. ಸಹಿಯ ಅಗತ್ಯವಿದ್ದಲ್ಲಿ ಕಲಂ 5 ವಿದ್ಯುನ್ಮಾನ ಸಹಿಗೆ ಮಾನ್ಯತೆ ನೀಡುತ್ತದೆ. ಇಷ್ಟನ್ನೇ ಓದಿದವರು ಮುದ್ರಣಯಂತ್ರವನ್ನು ಇಂದೇ ನಿಲ್ಲಿಸಿಬಿಡುತ್ತಾರೆ. ಆದರೆ ಕಲಂ 9ನ್ನೂ ಓದಬೇಕು. ಸರ್ಕಾರದ ಇಲಾಖೆಯೊಂದು ವಿದ್ಯುನ್ಮಾನ ದಾಖಲೆಯನ್ನೇ ಸ್ವೀಕರಿಸಬೇಕೆಂದು ಒತ್ತಾಯಿಸುವ ಹಕ್ಕನ್ನು ಕಲಂ 6, 7 ಮತ್ತು 8 ಯಾರಿಗೂ ನೀಡುವುದಿಲ್ಲ ಎಂದು ಅದು ಸ್ಪಷ್ಟಪಡಿಸಿದೆ.

ಆದಕಾರಣ ನನ್ನ ಸಲಹೆ ಇಷ್ಟು. ತಾವು ಬಳಸುವ ಬಿಲ್ಲಿಂಗ್ ವ್ಯವಸ್ಥೆ, ಫಾರ್ಮಾಸಿಸ್ಟರ ಸಹಿಯ ವಿಧಾನ, ಬ್ಯಾಕಪ್ ಕ್ರಮಗಳನ್ನು ವಿವರಿಸಿ ಪರವಾನಗಿ ಪ್ರಾಧಿಕಾರಕ್ಕೆ ಪತ್ರ ಬರೆದು, ಲಿಖಿತ ಅಭಿಪ್ರಾಯ ಪಡೆಯಿರಿ. ಅದು ಕೈಸೇರುವವರೆಗೆ ಸಹಿ ಮಾಡಿದ ಒಂದು ಕಚೇರಿ ಪ್ರತಿಯನ್ನು ಮುಂದುವರಿಸಿ. ಎಚ್1 ವಹಿ ಮತ್ತು ಷೆಡ್ಯೂಲ್ ಎಕ್ಸ್ ಚೀಟಿಗಳ ತಂಟೆಗೆ ಹೋಗಬೇಡಿ. ಒಬ್ಬೊಬ್ಬರೇ ಬರೆಯುವುದಕ್ಕಿಂತ ಸಂಸ್ಥೆಯ ಮೂಲಕ ಸಾಮೂಹಿಕ ಸ್ಪಷ್ಟೀಕರಣ ಕೋರುವುದು ಇನ್ನೂ ಸೂಕ್ತ.

ಮುದ್ರಿಸುವುದಾದರೆ ಯಾವ ಕಾಗದದ ಮೇಲೆ ಎಂಬುದೂ ಮುಖ್ಯ. ಥರ್ಮಲ್ ಸುರುಳಿಯ ಮೇಲಿನ ಅಕ್ಷರಗಳು ಬಿಸಿಲು, ಶಾಖ, ಪ್ಲಾಸ್ಟಿಕ್ ಹೊದಿಕೆಗಳ ಸಂಪರ್ಕದಿಂದ ಮಾಸುತ್ತವೆ. 72 ತಿಂಗಳು ಉಳಿಯಬೇಕಾದ ದಾಖಲೆಗೆ ಅದು ತಕ್ಕುದಲ್ಲ. ಬೇಸಿಗೆಯ ಅಟ್ಟದಿಂದ ತೆಗೆದ ಬಿಳಿ ಸುರುಳಿಗಳ ಕಟ್ಟನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಒಂದು ಮಾದರಿ ಲೆಕ್ಕ

ದಿನಕ್ಕೆ 120 ಬಿಲ್ ಹಾಕುವ, ವರ್ಷಕ್ಕೆ 300 ದಿನ ತೆರೆದಿರುವ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಕಾಗದದ ದರ ರೀಮಿಗೆ 280 ರೂ., ಮುದ್ರಣ ವೆಚ್ಚ ಎ4 ಪುಟಕ್ಕೆ 50 ಪೈಸೆ, ಅರ್ಧ ಹಾಳೆಗೆ 25 ಪೈಸೆ ಎಂದು ಹಿಡಿಯೋಣ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬಹುದು.

ಮೊದಲ ಹಂತ (ಯಾರ ಅನುಮತಿಯೂ ಬೇಡ):
ದಿನಾಂತ್ಯದ ವರದಿ, ದಿನಕ್ಕೆ 16 ಹಾಳೆ – ವರ್ಷಕ್ಕೆ 4,800
ಚೀಟಿಗಳ ಜೆರಾಕ್ಸ್, ದಿನಕ್ಕೆ 40 – ವರ್ಷಕ್ಕೆ 12,000
ಖರೀದಿ ಬಿಲ್ ಮರುಮುದ್ರಣ, ದಿನಕ್ಕೆ 15 – ವರ್ಷಕ್ಕೆ 4,500
ಒಟ್ಟು 21,300 ಹಾಳೆ, ಅಂದರೆ 42.6 ರೀಮ್
ಕಾಗದ 11,928 ರೂ. + ಮುದ್ರಣ 10,650 ರೂ. = 22,578 ರೂ.

ಎರಡನೇ ಹಂತ (ಲಿಖಿತ ಅಭಿಪ್ರಾಯ ದೊರೆತ ನಂತರ):
ಬಿಲ್ಲಿನ ಕಚೇರಿ ಪ್ರತಿ, 36,000 ಅರ್ಧ ಹಾಳೆ = 18,000 ಹಾಳೆ, ಅಂದರೆ 36 ರೀಮ್
ಕಾಗದ 10,080 ರೂ. + ಮುದ್ರಣ 9,000 ರೂ. = 19,080 ರೂ.

ಎರಡೂ ಸೇರಿ ವರ್ಷಕ್ಕೆ 41,658 ರೂ. 80 ಜಿಎಸ್ಎಂ ಎ4 ಹಾಳೆಯ ರೀಮ್ ಎರಡೂವರೆ ಕಿಲೋ ತೂಗುವುದರಿಂದ, ವರ್ಷಕ್ಕೆ ಸುಮಾರು 196 ಕಿಲೋ ಕಾಗದ ಅಟ್ಟ ಏರುವುದು ತಪ್ಪುತ್ತದೆ. ಇದರಿಂದ ಬ್ಯಾಕಪ್ ಡಿಸ್ಕ್, ಡಿಜಿಟಲ್ ಸಹಿ ಮುಂತಾದವುಗಳ ವೆಚ್ಚವನ್ನು ಕಳೆಯಬೇಕು. ಉಳಿಯುವ ಹಣ ದೊಡ್ಡದೆಂದು ನಾನು ಹೇಳಲಾರೆ. ಜಾಗ, ಸಿಬ್ಬಂದಿಯ ಸಮಯ, ಬೇಕಾದ ದಾಖಲೆ ಬೇಕಾದಾಗ ಸಿಗುವ ನೆಮ್ಮದಿಗಳನ್ನು ಸೇರಿಸಿದರೆ ನಿಜವಾದ ಲಾಭ ತಿಳಿಯುತ್ತದೆ.

ಕಡಿತಗೊಳಿಸಬಾರದ ಕಾಗದ

ಉಳಿತಾಯದ ಉತ್ಸಾಹದಲ್ಲಿ ರೋಗಿಯ ಕೈಸೇರುವ ಕಾಗದಕ್ಕೆ ಕತ್ತರಿ ಹಾಕಬಾರದು. ಗ್ರಾಹಕರ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳಿರುವುದರಿಂದ ನಾಳೆ ಆ ಬ್ಯಾಚ್ ವಾಪಸಾದರೆ ರೋಗಿಗೆ ಅದೊಂದೇ ಆಧಾರ. ಬಿಲ್ಲನ್ನು ಮೊಬೈಲಿಗೆ ಕಳುಹಿಸುವ ಏರ್ಪಾಡು ಒಳ್ಳೆಯದೇ, ಆದರೆ ಅದು ಗ್ರಾಹಕರು ಒಪ್ಪಿದಲ್ಲಿ ಮಾತ್ರ. ಹಿರಿಯರಿಗೆ ಕಾಗದದ ಬಿಲ್ಲನ್ನೇ ಕೊಡಿ.

ಮಾತ್ರೆಯ ಕವರಿನ ಮೇಲೆ "ಬೆಳಿಗ್ಗೆ 1, ರಾತ್ರಿ 1, ಊಟದ ನಂತರ" ಎಂದು ಸ್ಪಷ್ಟ ಕನ್ನಡದಲ್ಲಿ ಬರೆದುಕೊಡುವ ಪದ್ಧತಿ ಅನೇಕ ಕಡೆ ಮರೆಯಾಗುತ್ತಿದೆ. ಸ್ಟ್ರಿಪ್ಪನ್ನು ಕತ್ತರಿಸಿ, ಅವಧಿಯ ದಿನಾಂಕ ಕಾಣದ ತುಂಡನ್ನು ಬರಿಗವರಿನಲ್ಲಿ ಹಾಕಿಕೊಡುತ್ತೇವೆ; ಅದೇ ವೇಳೆಗೆ ಹಿಂದಿನ ಮೇಜಿನ ಮೇಲೆ ಯಾರೂ ಓದದ ಹದಿನಾರು ಪುಟದ ವರದಿ ಮುದ್ರಣವಾಗುತ್ತಿರುತ್ತದೆ. ಉಳಿಸಿದ ಕಾಗದದಲ್ಲಿ ಒಂದಂಶವನ್ನು ಈ ಕವರಿಗೆ ಹಾಕಿದರೆ ವ್ಯಾಪಾರದ ಗೌರವವೂ ಹೆಚ್ಚುತ್ತದೆ.

ಹಳೆಯ ಕಾಗದದ ವಿಲೇವಾರಿಯೂ ಹೊಣೆಯ ಕೆಲಸವೇ. ರೋಗಿಯ ಹೆಸರು, ಅವರು ಸೇವಿಸುವ ಔಷಧದ ವಿವರಗಳಿರುವ ಹಾಳೆಗಳನ್ನು ಗುಜರಿಯವರಿಗೆ ತೂಕಕ್ಕೆ ಹಾಕಿದರೆ ಅವು ಕಡಲೆಕಾಯಿ ಪೊಟ್ಟಣವಾಗಿ ಅದೇ ಊರಿಗೆ ಹಿಂದಿರುಗಬಹುದು. ಸಣ್ಣ ಊರಿನಲ್ಲಿ ಒಬ್ಬರ ಕಾಯಿಲೆ ಬೀದಿಗೆ ಬರಲು ಅಷ್ಟೇ ಸಾಕು. ಅವಧಿ ಮುಗಿದ ದಾಖಲೆಗಳನ್ನು ಚೂರು ಮಾಡಿಯೇ ವಿಲೇವಾರಿ ಮಾಡಬೇಕು. ಗಣಕಯಂತ್ರದಲ್ಲಿರುವ ಮಾಹಿತಿಗೂ ಇದೇ ಜಾಗ್ರತೆ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಅವು ಹಂತ ಹಂತವಾಗಿ ಜಾರಿಗೆ ಬರುವಂತೆ ರಚಿತವಾಗಿವೆ.

ಅನುಸರಿಸಬಹುದಾದ ಕ್ರಮ

1. ಒಂದು ವಾರ ಅಂಗಡಿಯಲ್ಲಿ ಮುದ್ರಣವಾಗುವ ಪ್ರತಿಯೊಂದು ಬಗೆಯ ಕಾಗದವನ್ನೂ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಬರೆಯಿರಿ: ಯಾವ ಕಾನೂನು ಕೇಳುತ್ತದೆ? ಯಾರು ಓದುತ್ತಾರೆ? ಎಷ್ಟು ಕಾಲ ಇಡಬೇಕು?

2. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಾಗದವನ್ನು ನಿಲ್ಲಿಸಿ.

3. ಮುದ್ರಣ ನಿಲ್ಲಿಸುವ ಮೊದಲು ನಮೂದು ಸರಿಪಡಿಸಿ. ಚೀಟಿಯ ಮೇಲಿನ ಔಷಧಕ್ಕೆ ರೋಗಿಯ ಹೆಸರಿಲ್ಲದೆ ಬಿಲ್ ಆಗದಂತೆ, ಕೈಯಲ್ಲಿರುವ ಸ್ಟ್ರಿಪ್ಪಿನ ಬ್ಯಾಚ್ ಸಂಖ್ಯೆ ನೋಡದೆ ಮುಂದುವರಿಯದಂತೆ ಸಿಬ್ಬಂದಿಗೆ ತರಬೇತಿ ನೀಡಿ.

4. ಪ್ರತಿದಿನ ಬ್ಯಾಕಪ್ ತೆಗೆಯಿರಿ. ಒಂದು ಪ್ರತಿ ಅಂಗಡಿಯ ಹೊರಗಿರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು, ಹಳೆಯ ಬಿಲ್ಲೊಂದು ಸಿಗುತ್ತದೆಯೇ ಎಂದು ಪರೀಕ್ಷಿಸಿ. ತೆರೆಯದ ಬ್ಯಾಕಪ್ಪನ್ನು ನಂಬಬೇಡಿ.

5. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಬ್ಯಾಚ್ ಸಂಖ್ಯೆ ಆರಿಸಿ, ಅದನ್ನು ಕೊಂಡವರ ಪಟ್ಟಿ ಹತ್ತು ನಿಮಿಷದಲ್ಲಿ ದೊರೆಯುತ್ತದೆಯೇ ನೋಡಿ. ತಮ್ಮ ದಾಖಲೆ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆಯ ಪರಿಶೋಧನೆ ಇಲ್ಲ.

6. ಔಷಧ ಪರಿವೀಕ್ಷಕರು ಬಂದಾಗ ಎಚ್1 ವಹಿ, ಖರೀದಿ ಬಿಲ್ ಕಡತ ಮತ್ತು ಮಾರಾಟ ದಾಖಲೆಗಳನ್ನು ಕೂಡಲೇ ತೋರಿಸುವಂತೆ ಒಂದೇ ಕಪಾಟಿನಲ್ಲಿ ಜೋಡಿಸಿಡಿ.

ಕೊನೆಯ ಮಾತು

ನಾನು ಮೇಲೆ ಹೇಳಿದ ಅಂಗಡಿಯಲ್ಲಿ ಈಗ ಅಟ್ಟದ ಮೇಲೆ ಎರಡೇ ಪೆಟ್ಟಿಗೆಗಳಿವೆ. ಕಳೆದ ಬಾರಿ ಪರಿಶೋಧನೆಗೆ ಹೋದಾಗ ನಾನೇ ಒಂದು ಬ್ಯಾಚ್ ಸಂಖ್ಯೆ ಕೊಟ್ಟು ಕೊಂಡವರ ಹೆಸರು ಕೇಳಿದೆ. ಆರು ನಿಮಿಷದಲ್ಲಿ ಪಟ್ಟಿ ಪರದೆಯ ಮೇಲೆ ಬಂದಿತು. "ನಗದು" ಎಂಬ ಹೆಸರು ಅದರಲ್ಲಿ ಒಂದೂ ಇರಲಿಲ್ಲ. ಆ ಪಟ್ಟಿಯನ್ನು ಮುದ್ರಿಸಿಕೊಡಲೇ ಎಂದು ಮಾಲೀಕರು ಕೇಳಿದರು. ಬೇಡವೆಂದೆ.

ಈ ಮಾತು ಔಷಧ ವ್ಯಾಪಾರಿಗಳಿಗೆ ಮಾತ್ರ ಸೀಮಿತವಲ್ಲ. ಆಹಾರ ಪದಾರ್ಥ, ಕೀಟನಾಶಕ, ವಿದ್ಯುತ್ ಉಪಕರಣ ಹೀಗೆ ಬ್ಯಾಚ್ ಲೆಕ್ಕ ಇಡುವ ಸಣ್ಣ ಉದ್ದಿಮೆದಾರರೆಲ್ಲರೂ ತಮ್ಮ ತಮ್ಮ ಕಾನೂನುಗಳನ್ನು ಮುಂದಿಟ್ಟುಕೊಂಡು ಇದೇ ಪಟ್ಟಿಯನ್ನು ತಯಾರಿಸಬಹುದು. ಹೊಸ ಹಣಕಾಸು ವರ್ಷದ ಮೊದಲ ವಾರ ಅದಕ್ಕೆ ಸೂಕ್ತ ಸಮಯ. ಸದಸ್ಯ ಬಾಂಧವರು ಈ ದಿಸೆಯಲ್ಲಿ ಕಾರ್ಯೋನ್ಮುಖರಾಗಬೇಕೆಂದು ವಿನಂತಿಸುತ್ತೇನೆ.